ಮುಚ್ಚಿಟ್ಟ ತಟ್ಟೆಯೂ ಒಮಾನಿನ ಸಂಬಳವೂ

ಬೆಂಗಳೂರು ವಿಮಾನ ನಿಲ್ದಾಣ

ವಿಮಾನ ಹತ್ತುವ ಮೊದಲೇ ನನ್ನ ಮರ್ಯಾದೆ ಹೋಯಿತು. ಹೆಸರು ಕೂಗಿ ಕರೆದು, ಒಳಗೆ ಹೋಗಿದ್ದ ಚೀಲವನ್ನು ವಾಪಸು ತರಿಸಿ, ನನ್ನ ಕೈಯಲ್ಲೇ ಬಿಚ್ಚಿಸಿ, ಕೊಬ್ಬರಿಯನ್ನೆಲ್ಲ ಮೇಜಿನ ಮೇಲೆ ಹರಡಿಸಿದರು. ಅಲ್ಲಿದ್ದ ಹುಡುಗಿ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು, ಬಹಳ ಸಮಾಧಾನದಿಂದ ಹೇಳಿದಳು.

"ಸರ್, ಒಣ ಕೊಬ್ಬರಿ ಅಲೋ ಇಲ್ಲ. ಬೇಗ ಬೆಂಕಿ ಹತ್ಕೊಳ್ಳುತ್ತೆ. ನಿಮಗೆ ಗೊತ್ತಿರಲಿಲ್ವಾ?"

ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು. ನಾನು ಅರಸೀಕೆರೆ ಅಗ್ನಿಶಾಮಕ ಠಾಣೆಯವನು. ಕೊಬ್ಬರಿ ತುಂಬಿದ ಅಟ್ಟ ಹೊತ್ತಿಕೊಂಡರೆ ಎಣ್ಣೆ ಹೇಗೆ ಸಿಡಿಯುತ್ತದೆ, ನೀರು ಹಾಕುವಾಗ ಎಲ್ಲಿ ನಿಲ್ಲಬೇಕು ಎಂದು ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಹೇಳಿಕೊಡುವವನು. ಆದರೆ ನಮ್ಮೂರಿಂದ ಯಾರ ಮನೆಗೆ ಹೊರಟರೂ ಚೀಲಕ್ಕೆ ಮೊದಲು ಬೀಳುವುದು ಕೊಬ್ಬರಿ. ಕೈ ತಾನಾಗಿ ಹಾಕಿಬಿಡುತ್ತದೆ, ತಲೆಯನ್ನು ಕೇಳುವುದಿಲ್ಲ.

"ಏನು ಕೆಲಸ ಮಾಡ್ತೀರಿ ಸರ್ ನೀವು?" ಎಂದು ಆಕೆ ಕೇಳಿದಳು. "ಸರ್ಕಾರಿ ಕೆಲಸ" ಎಂದಷ್ಟೇ ಹೇಳಿ, ಕೊಬ್ಬರಿಯನ್ನು ಅಲ್ಲೇ ಬಿಟ್ಟು ಹೊರಟೆ.

ಅರಸೀಕೆರೆ, ಹೊರಡುವ ಮುಂಚೆ

ನಾನು ಹೊರಟಿದ್ದು ಊರು ನೋಡಲಿಕ್ಕಲ್ಲ. ನನ್ನ ಹೆಂಡತಿ ಗಿರಿಜಾಳ ಅಣ್ಣ ಮಲ್ಲೇಶಣ್ಣ ಒಮಾನ್ ದೇಶದ ಸೋಹಾರ್ ಎಂಬ ಬಂದರಿನ ಊರಲ್ಲಿ ಒಂದು ಕಂಪನಿಯ ಉಗ್ರಾಣ ನೋಡಿಕೊಳ್ಳುತ್ತಾರೆ. ಆ ಕಂಪನಿಗೆ ಸ್ವಂತದ ಫೈರ್ ಸ್ಟೇಷನ್ ಇದೆ. ಅನುಭವಸ್ಥರು ಬೇಕು, ಬಂದು ಪರೀಕ್ಷೆ ಕೊಡಲಿ, ಒಪ್ಪಿಗೆಯಾದರೆ ಸಹಿ ಹಾಕಿ ಹೋಗಲಿ ಎಂದು ಅವರು ಹೇಳಿದ್ದರು. ಸಂಬಳದ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಠಾಣೆಯಲ್ಲಿ ಯಾರೂ ಉಳಿಯಲಿಕ್ಕಿಲ್ಲ. ಭಾವ ಫೋನಿನಲ್ಲಿ ಅದನ್ನು ಹೇಳಿದಾಗ ಗಿರಿಜಾ ಒಲೆ ಆರಿಸಿ ಬಂದು ಇನ್ನೊಂದು ಸಲ ಹೇಳಿಸಿದಳು.

ಅವಳಿಗೆ ಬೇಕಾಗಿದ್ದು ಒಂದು ಸೈಟು. ನಾವಿರುವುದು ಠಾಣೆಯ ಹಿಂದಿನ ಕ್ವಾರ್ಟರ್ಸಿನಲ್ಲಿ. ರಿಟೈರ್ ಆದರೆ ಬೀಗದ ಕೈ ಕೊಟ್ಟು ಹೊರಡಬೇಕು. ಹಾರನಹಳ್ಳಿ ರಸ್ತೆಯಲ್ಲಿ ಒಂದು ಮೂಲೆ ಸೈಟನ್ನು ಅವಳು ನೋಡಿಟ್ಟುಕೊಂಡಿದ್ದಳು. ಸಂಜೆ ವಾಕಿಂಗ್ ನೆಪದಲ್ಲಿ ಹೋಗಿ, ಅಡುಗೆಮನೆ ಎಲ್ಲಿ ಬರಬೇಕು, ತುಳಸಿ ಎಲ್ಲಿ ಬರಬೇಕು ಎಂದು ನಿಂತು ನೋಡಿ ಬರುತ್ತಿದ್ದಳು. ನನ್ನ ಸಂಬಳ ಉಣ್ಣಲಿಕ್ಕೆ, ಉಡಲಿಕ್ಕೆ, ಮಗಳ ಕಾಲೇಜಿಗೆ ಸಾಕು. ಸೈಟಿಗೆ ಸಾಲದು. ನಮ್ಮೂರಲ್ಲಿ ಕೊಬ್ಬರಿಗೆ ಬೆಲೆ ಬಂದರೆ ಸೈಟಿಗೂ ಬೆಲೆ ಬರುತ್ತದೆ, ತೋಟದವರು ಬಂದು ಕೊಂಡುಬಿಡುತ್ತಾರೆ. ಆ ಕೊಬ್ಬರಿಗೆ ಬೆಂಕಿ ಬಿದ್ದರೆ ಓಡಿಹೋಗಿ ಆರಿಸುವವನ ಸಂಬಳಕ್ಕೆ ಮಾತ್ರ ಬೆಲೆ ಏರಿದ ಸುದ್ದಿ ತಲುಪುವುದಿಲ್ಲ.

ಗಿರಿಜಾಗೆ ಇನ್ನೊಂದು ದೂರೂ ಇತ್ತು. ನಮ್ಮ ಕ್ವಾರ್ಟರ್ಸಿನಲ್ಲಿ ಒಂದು ಪದ್ಧತಿ ಇದೆ, ಯಾರು ಶುರು ಮಾಡಿದರೋ ಗೊತ್ತಿಲ್ಲ. ಉಣ್ಣುವಾಗ ಗಂಟೆ ಹೊಡೆದರೆ ನಾವು ಕೈ ತೊಳೆದು ಓಡುತ್ತೇವೆ. ಮನೆಯವರು ಆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಡುತ್ತಾರೆ. ಗಾಡಿ ವಾಪಸು ಬರುವವರೆಗೆ ತಾವೂ ಉಣ್ಣುವುದಿಲ್ಲ. ಠಾಣೆಯಲ್ಲಿ ಫೋನಿನ ಹತ್ತಿರ ಉಳಿದವನಿಗೂ ಇದೇ ನೇಮ. ನನ್ನ ತಟ್ಟೆ ಹಳೆಯದು, ಮಗಳು ಚಿಕ್ಕವಳಿದ್ದಾಗ ಮಹಡಿಯಿಂದ ಬೀಳಿಸಿ ಅಂಚು ಸೊಟ್ಟಗಾಗಿದೆ. ಮೇಲಿನ ತಟ್ಟೆ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ.

"ಈ ಸೊಟ್ಟ ತಟ್ಟೆ ಮುಚ್ಚೀ ಮುಚ್ಚೀ ಸಾಕಾಯ್ತು ನಂಗೆ" ಎಂದಳು ಗಿರಿಜಾ. "ಸಹಿ ಹಾಕಿ ಬನ್ನಿ. ನಾನೂ ಹೊತ್ತಿಗೆ ಸರಿಯಾಗಿ ಉಣ್ತೀನಿ."

"ಹಾಕಿ ಬರ್ತೀನಿ ಕಣೇ, ಅದರಲ್ಲೇನಿದೆ" ಎಂದೆ. ಠಾಣೆಯಲ್ಲೂ ಹಾಗೇ ಹೇಳಿದೆ. ಬೆಂಕಿಯ ಕೆಲಸದಲ್ಲಿ ನನ್ನನ್ನು ಬೇಡ ಅನ್ನುವವರು ಹುಟ್ಟಿಲ್ಲ ಎಂಬ ನಂಬಿಕೆ ನನ್ನದು. ಇಂದಿಗೂ ಅದೇ ನಂಬಿಕೆ.

ಸೋಹಾರ್, ಚಹಾದ ಅಂಗಡಿ

ಮಲ್ಲೇಶಣ್ಣ ನನ್ನನ್ನು ಮಸ್ಕತ್‌ನಿಂದ ಕಾರಿನಲ್ಲಿ ಕರೆದುಕೊಂಡು ಹೋದರು. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದರಿಂದ ದಾರಿಯುದ್ದಕ್ಕೂ ಕಾರಿನಲ್ಲಿ ಆ ಪದ ಬಿಟ್ಟರೆ ಬೇರೆ ಮಾತಿರಲಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹುಲ್ಲುಕಡ್ಡಿಯೂ ಇಲ್ಲದ ಬೋಳು ಬೆಟ್ಟ. ಇಷ್ಟು ಬಿಸಿಲಿನ ಊರಲ್ಲಿ ಹೊತ್ತಿಕೊಳ್ಳಲಿಕ್ಕೆ ಏನೂ ಇಲ್ಲವಲ್ಲ ಎಂದುಕೊಂಡೆ. ಅಷ್ಟರಲ್ಲಿ ಬಂದರಿನ ಎಣ್ಣೆ ಟ್ಯಾಂಕುಗಳ ಸಾಲು ಕಾಣಿಸಿತು.

ಸೋಹಾರ್‌ನಲ್ಲಿ ಚಹಾ ಅಂಗಡಿಯ ಮುಂದೆ ನನ್ನ ಮರ್ಯಾದೆ ಎರಡನೇ ಸಲ ಹೋಯಿತು. ಸಾಲಾಗಿ ಕಾರುಗಳು ನಿಂತು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದವು. ಏನೋ ಅನಾಹುತ ಆಗಿದೆ ಎಂದು ನಾನು ಕಾರಿನಿಂದ ಇಳಿದು, ಎರಡೂ ಕೈ ಎತ್ತಿ, ಹಿಂದಿನ ಗಾಡಿಗಳಿಗೆ ದಾರಿ ಮಾಡಿಸಲು ಶುರು ಮಾಡಿದೆ. ಕಸೂತಿ ಟೋಪಿಯ ಒಬ್ಬ ಮುದುಕ ಕಾರಿನ ಗಾಜು ಇಳಿಸಿ ನನಗೆ ಎರಡು ಬೆರಳು ತೋರಿಸಿದ.

"ಭಾವ, ಬನ್ನಿ ಒಳಗೆ" ಎಂದರು ಮಲ್ಲೇಶಣ್ಣ. "ಇಲ್ಲಿ ಟೀ ಬೇಕಾದರೆ ಹಾರ್ನ್ ಹೊಡೀತಾರೆ, ಹುಡುಗ ಕಾರಿಗೇ ತಂದುಕೊಡ್ತಾನೆ. ಅವರು ನಿಮ್ಮ ಹತ್ರ ಎರಡು ಟೀ ಕೇಳ್ತಾ ಇದಾರೆ."

ರಸ್ತೆ ದಾಟುವುದೂ ನನಗೆ ಬರಲಿಲ್ಲ. ಕಾರು ಹೋಗಲಿ ಎಂದು ನಾನು ನಿಂತರೆ, ನಾನು ಹೋಗಲಿ ಎಂದು ಕಾರು ನಿಲ್ಲುತ್ತಿತ್ತು. ಅವನು ನನಗೆ ಕೈ ಬೀಸುವುದು, ನಾನು ಅವನಿಗೆ ಕೈ ಬೀಸುವುದು. ನಮ್ಮ ಪೇಟೆ ಬೀದಿಯಲ್ಲಿ ಸೈರನ್ ಹಾಕಿಕೊಂಡು ಬೆಂಕಿ ಗಾಡಿ ಬಂದರೂ ಕಾಯಿ ತುಂಬಿದ ಟೆಂಪೋದವನು ಬೀಡಿ ಮುಗಿಸಿಯೇ ಗಾಡಿ ತೆಗೆಯುವುದು. ಅಂಥ ಊರಿನವನಿಗೆ ಈ ಮರ್ಯಾದೆ ಒಗ್ಗಲು ಎರಡು ದಿನ ಹಿಡಿಯಿತು.

ಸೋಹಾರ್, ಠಾಣೆ

ಠಾಣೆ ನೋಡಿ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ. ಪ್ರತಿಯೊಬ್ಬನಿಗೂ ಅವನ ಹೆಸರು ಬರೆದ ಬೇರೆ ಕೋಟು, ಬೇರೆ ಬೂಟು. ನಮ್ಮಲ್ಲಿ ಬೂಟು ಯಾರ ಕಾಲಿಗೆ ಹತ್ತುತ್ತದೋ ಅವನದು. ಗಾಡಿಯ ಮೈಯಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು.

ತಂಡದ ಮುಂದಾಳು ವರ್ಗೀಸ್ ಎಂಬುವರು, ಕಾಸರಗೋಡಿನ ಕಡೆಯವರು, ಕನ್ನಡ ಬರುತ್ತಿತ್ತು. ನನ್ನಷ್ಟೇ ವಯಸ್ಸು, ತಲೆ ಪೂರ್ತಿ ನರೆತಿತ್ತು. ಅವರೇ ನನ್ನ ಪರೀಕ್ಷೆ ಮಾಡಿದರು. ಏಣಿ ಹತ್ತು ಅಂದರು, ಹತ್ತಿದೆ. ಪೈಪು ಬಿಡಿಸು ಅಂದರು, ಬಿಡಿಸಿದೆ. ಹೊಗೆ ತುಂಬಿದ ಕೋಣೆಯಲ್ಲಿ ಬಿದ್ದಿರುವ ಗೊಂಬೆಯನ್ನು ಹುಡುಕಿ ತಾ ಅಂದರು, ತಂದೆ.

"ಎಲ್ಲಿ ಕಲಿತದ್ದು ಮಾರಾಯ್ರೆ ನೀವು?" ಎಂದು ಕೇಳಿದರು.

"ಅರಸೀಕೆರೆಯಲ್ಲಿ" ಎಂದೆ. ಲಂಡನ್ ಎಂದು ಹೇಳುವ ಹಾಗೆ ಹೇಳಿದೆನೆಂದು ಆಮೇಲೆ ಭಾವ ನಕ್ಕರು.

ಠಾಣೆಯ ಮುಖ್ಯಸ್ಥ ಒಮಾನಿನವರು, ಬಿಳಿಯ ನಿಲುವಂಗಿ, ತಗ್ಗಿದ ಧ್ವನಿ. ಖರ್ಜೂರ, ಕಾಫಿ ಕೊಟ್ಟು, ನೀವು ನಮಗೆ ಬೇಕು, ನಾಳೆ ಸಹಿ ಹಾಕಿದರೆ ಸಾಕು ಎಂದರು. ಆ ಕಾಫಿ ಕಷಾಯದಂತಿತ್ತು, ಆದರೂ ಎರಡು ಲೋಟ ಕುಡಿದೆ. ಸೈಟಿಗೆ ಕಾಂಪೌಂಡ್ ಹಾಕಿಸುವುದನ್ನೂ ಅಲ್ಲೇ ಕೂತು ಯೋಚಿಸಿದೆ.

ಸೋಹಾರ್, ಊಟದ ಮನೆ

ಅವತ್ತು ಮಧ್ಯಾಹ್ನ ಮೆಸ್ಸಿನಲ್ಲಿ ತಂಡದವರ ಜೊತೆ ನನಗೂ ಊಟ. ಅನ್ನ, ಬೇಳೆ, ಮೀನು ತಿನ್ನುವವರಿಗೆ ಮೀನು. ನಾನು ಇನ್ನೂ ತುತ್ತು ಎತ್ತಿರಲಿಲ್ಲ. ಗೋಡೆಯ ಸ್ಪೀಕರಿನಲ್ಲಿ ಏನೋ ಕೂಗಿತು. ಎಲ್ಲರೂ ಎದ್ದರು, ಕುರ್ಚಿಗಳು ಹಿಂದಕ್ಕೆ ಸರಿದವು, ನೋಡುವುದರೊಳಗೆ ಗಾಡಿ ಗೇಟು ದಾಟಿತ್ತು. ನಾನು ಅತಿಥಿ, ಹೋಗುವ ಹಾಗಿಲ್ಲ.

ಕೈ ಸುಮ್ಮನಿರಬೇಕಲ್ಲ. ಎದ್ದು ಹೋಗಿ ಖಾಲಿ ತಟ್ಟೆಗಳ ರಾಶಿಯಿಂದ ಒಂದೊಂದೇ ತಂದು, ಅವರು ಬಿಟ್ಟುಹೋದ ತಟ್ಟೆಗಳ ಮೇಲೆಲ್ಲ ಮುಚ್ಚಿದೆ. ನನ್ನ ತಟ್ಟೆಯನ್ನೂ ಮುಚ್ಚಿದೆ. ಆಮೇಲೆ ಬಾಗಿಲ ಕಡೆ ಮುಖ ಮಾಡಿ ಕುಳಿತೆ.

ಮೆಸ್ ನೋಡಿಕೊಳ್ಳುವ ಖಾದರ್ ಭಾಯ್, ಹೈದರಾಬಾದಿನವರು, ದೊಡ್ಡ ಕಸದ ಡಬ್ಬಿ ತಳ್ಳಿಕೊಂಡು ಬಂದರು. ಇಲ್ಲಿಯ ನಿಯಮ ಬೇರೆ: ಎದ್ದುಹೋದವರ ಊಟ ಡಬ್ಬಿಗೆ, ಬಂದ ಮೇಲೆ ಅವರಿಗೆ ಹೊಸದಾಗಿ ಪೊಟ್ಟಣದ ಊಟ. ಶುಚಿತ್ವದ ಪ್ರಶ್ನೆ, ಅವರದೇನೂ ತಪ್ಪಲ್ಲ. ಅವರು ಒಂದು ತಟ್ಟೆಗೆ ಕೈ ಹಾಕಿದರು. ನಾನು ಅದರ ಮೇಲೆ ಕೈ ಇಟ್ಟೆ.

"ಬಿಡಿ ಭಾಯ್, ಅವರು ಬರ್ತಾರೆ" ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ.

"ಬಂದರೆ ಬೇರೆ ಊಟ ಇದೆಯಲ್ಲ?" ಎಂದರು ಅವರು.

"ಬೇರೆ ಊಟ ಇರಲಿ. ಇದು ಅವರ ತಟ್ಟೆ. ತೆಗೆಯಬಾರದು."

"ಯಾಕೆ?"

ಯಾಕೆ ಎಂದು ನನ್ನನ್ನು ಯಾವತ್ತೂ ಯಾರೂ ಕೇಳಿರಲಿಲ್ಲ. ಬೆಂಕಿಗೆ ಹೋದವನ ತಟ್ಟೆ ತೊಳೆದು ಕವುಚಿಟ್ಟರೆ ಅವನು ಬರುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ. ಇದನ್ನು ಹಿಂದಿಯಲ್ಲಿ ಹೇಳಲು ಬರದೆ, ಕನ್ನಡದಲ್ಲೇ ದೊಡ್ಡ ಗಂಟಲಲ್ಲಿ ಹೇಳಿದೆ. ಖಾದರ್ ಭಾಯಿಗೆ ಎಷ್ಟು ಅರ್ಥವಾಯಿತೋ, ಡಬ್ಬಿ ಗೋಡೆಗೆ ನಿಲ್ಲಿಸಿ, ಟೋಪಿ ಸರಿಮಾಡಿಕೊಂಡು ನನ್ನ ಎದುರು ಕುಳಿತರು. ಅವರೂ ಊಟ ಮಾಡಲಿಲ್ಲ.

ಗಾಡಿ ಬಂದದ್ದು ಬಹಳ ಹೊತ್ತಾದ ಮೇಲೆ. ಒಂದು ಲಾರಿಯ ಇಂಜಿನ್ ಹೊತ್ತಿಕೊಂಡಿತ್ತಂತೆ, ಯಾರಿಗೂ ಏನೂ ಆಗಿರಲಿಲ್ಲ. ಒಳಗೆ ಬಂದವರು ಮೇಜಿನ ಹತ್ತಿರ ನಿಂತುಬಿಟ್ಟರು. ಫಿಲಿಪೈನ್ಸಿನ ಒಬ್ಬ ಹುಡುಗ ತನ್ನ ತಟ್ಟೆಯ ಮುಚ್ಚಳ ಎತ್ತಿ ನೋಡಿ, ಮತ್ತೆ ಮುಚ್ಚಿ, ಮತ್ತೆ ಎತ್ತಿದ. ತಣ್ಣಗಾದ ಊಟವನ್ನೇ ಎಲ್ಲರೂ ಉಂಡರು. ಪೊಟ್ಟಣಗಳು ಹಾಗೇ ಉಳಿದವು.

ಕೈ ತೊಳೆಯುವಾಗ ವರ್ಗೀಸ್ ಪಕ್ಕದಲ್ಲಿ ನಿಂತಿದ್ದರು.

"ನಿಮ್ಮ ಮನೆಯಲ್ಲಿ ಹೀಗೆ ಮಾಡ್ತಾರಾ?" ಎಂದರು.

ಹೌದು ಎಂದೆ. "ನಿಮ್ಮ ಮನೆಯವರನ್ನ ಇಲ್ಲಿಗೆ ಕರೆಸಬಾರದೇ? ಇಷ್ಟು ಸಂಬಳ ಬರುತ್ತಲ್ಲ" ಎಂದು ಕೇಳಿದೆ.

"ಕರೆಸಿದ್ದೆ ಮಾರಾಯ್ರೆ. ಮನೆ ಬಾಡಿಗೆ, ಮಕ್ಕಳ ಶಾಲೆ, ಕರೆಂಟು, ಎಲ್ಲ ಕಳೆದರೆ ತಿಂಗಳ ಕೊನೆಗೆ ಊರಲ್ಲಿದ್ದಾಗ ಎಷ್ಟು ಉಳೀತಿತ್ತೋ ಅಷ್ಟೇ. ಇದು ದೊಡ್ಡ ಸಂಬಳ ಹೌದು, ಒಬ್ಬನಿಗೆ. ಸಂಸಾರಕ್ಕೆ ಹಂಚಿದರೆ ಸಣ್ಣದೇ. ವಾಪಸು ಕಳಿಸಿದೆ."

ಟವೆಲಿನಲ್ಲಿ ಕೈ ಒರೆಸಿಕೊಂಡು ಆಮೇಲೆ ಹೇಳಿದರು.

"ಒಳ್ಳೆ ಮನೆ ಕಟ್ಟಿಸಿದ್ದೇನೆ. ರಜೆಗೆ ಹೋದರೆ ನನ್ನನ್ನು ಚೆನ್ನಾಗಿ ನೋಡ್ಕೊಳ್ತಾರೆ. ಆದರೆ ನನಗೆ ಅಂತ ಒಂದು ತಟ್ಟೆ ಇಲ್ಲ ಅಲ್ಲಿ. ಕಪಾಟಿನಿಂದ ಅತಿಥಿಗಳ ತಟ್ಟೆ ತೆಗೆದು ಬಡಿಸ್ತಾರೆ. ಅವರಿಗೆ ಗೊತ್ತೇ ಆಗಲ್ಲ."

ಮರುದಿನ ಮುಖ್ಯಸ್ಥರ ಮುಂದೆ ಕುಳಿತು, ಕಷಾಯದಂಥ ಕಾಫಿ ಕುಡಿದು, ಬೇಡ ಎಂದೆ. ಅವರು ಒತ್ತಾಯ ಮಾಡಲಿಲ್ಲ. ಎದ್ದು ಬಂದು ಕೈ ಕುಲುಕಿದರು. ಮಲ್ಲೇಶಣ್ಣ ಸಂಜೆಯವರೆಗೆ ನನ್ನನ್ನು ಭಾವ ಎಂದು ಕರೆಯಲಿಲ್ಲ. ಹೊರಡುವಾಗ ಮಾತ್ರ ಮನಸ್ಸು ತಡೆಯದೆ ಒಂದು ಕಸೂತಿ ಟೋಪಿ ತಂದು ನನ್ನ ತಲೆಗೆ ಹಾಕಿದರು. ಬೇಲೂರಿನ ತಮ್ಮ ಮನೆಗೆ ಕೊಡಲು ಒಂದು ಗಂಟನ್ನೂ ಕೊಟ್ಟರು.

ಬೇಲೂರು

ವಾಪಸು ಬರುವಾಗ ನನಗೆ ಧೈರ್ಯ ತುಂಬಿ ತುಳುಕುತ್ತಿತ್ತು. ಬೇಲೂರಿನಲ್ಲಿ ಮಲ್ಲೇಶಣ್ಣನ ಹೆಂಡತಿ ಸರೋಜಕ್ಕ ಇದ್ದಾರೆ. ಗಂಡ ದೂರ ಇದ್ದರೆ ಎಷ್ಟು ಕಷ್ಟ ಎಂದು ಅವರ ಬಾಯಿಂದ ಎರಡು ಮಾತು ಕೇಳಿಕೊಂಡು ಹೋದರೆ ಗಿರಿಜಾಗೆ ಸಮಾಧಾನ ಹೇಳುವುದು ಸುಲಭ ಎಂಬ ಲೆಕ್ಕಾಚಾರ ನನ್ನದು.

ಸರೋಜಕ್ಕ ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೇ ಬಂದರು. ಕೆಳಗಿನ ಮನೆ ಬಾಡಿಗೆಗೆ ಕೊಟ್ಟಿದ್ದಾರೆ, ಮೇಲೆ ಹೊಲಿಗೆ ತರಗತಿ ನಡೆಸುತ್ತಾರೆ. ಗಂಟು ಬಿಚ್ಚಿ ಖರ್ಜೂರ ನೋಡಿ, "ಹೋದ ಸಲದ್ದೇ ಮುಗಿದಿಲ್ಲ" ಎಂದು ಪಕ್ಕಕ್ಕಿಟ್ಟರು.

"ಒಬ್ಬರೇ ಇರೋದು ಕಷ್ಟ ಅಲ್ವಾ ಸರೋಜಕ್ಕ?" ಎಂದು ದಾರಿ ಮಾಡಿಕೊಟ್ಟೆ.

"ಯಾರು ಹೇಳಿದ್ದು?" ಎಂದರು. "ಅವರು ರಜೆಗೆ ಬಂದ್ರೇನೇ ನಂಗೆ ಕಷ್ಟ. ಟೀವಿ ಅವರ ಕೈಲಿ, ಅಡುಗೆ ಅವರು ಹೇಳಿದ್ದು. ನಾನು ಆರಾಮಾಗಿದೀನಿ ಕಣ್ರೀ. ಅದಿರಲಿ, ನೀವು ಸಹಿ ಹಾಕಿದ್ರಾ?"

ಬೇಡ ಎಂದು ಬಂದೆ ಎಂದೆ. ಯಾಕೆಂದು ವಿವರಿಸಿದೆ. ತಟ್ಟೆಯ ಕತೆಯನ್ನೂ ಪೂರ್ತಿ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು.

"ಕತೆ ಚೆನ್ನಾಗಿದೆ" ಎಂದರು. "ಗಿರಿಜಂಗೆ ಏನು ಬೇಕು ಅಂತ ಗಿರಿಜನ್ನ ಕೇಳಿದ್ರಾ?"

ನಾನು ನೀರು ಕೇಳಿ ಕುಡಿದೆ.

ಹಳೇಬೀಡು

ಹಳೇಬೀಡಿನಲ್ಲಿ ಬಸ್ಸು ಬದಲಿಸಬೇಕು. ಜಾವಗಲ್ ಕಡೆಯ ಬಸ್ಸಿಗೆ ಕಾಯುತ್ತ, ದೇವಸ್ಥಾನದ ಎದುರಿನ ಅಂಗಡಿಯ ಬೆಂಚಿನ ಮೇಲೆ ಕುಳಿತೆ. ಇಷ್ಟು ದಿನದಲ್ಲಿ ಮೊದಲ ಸಲ ನನಗೆ ಭಯವಾಯಿತು. ಸರೋಜಕ್ಕ ಹೇಳಿದ್ದು ಸರಿ. ಫೋನು ಜೇಬಿನಲ್ಲೇ ಇತ್ತು, ಸೋಹಾರಿನಿಂದ ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಹಾಕಿ ಬನ್ನಿ ಅಂದುಬಿಟ್ಟಾಳು ಎಂದೇ ಕೇಳಿರಲಿಲ್ಲ. ಆ ಮೂಲೆ ಸೈಟು ಇನ್ನು ನಮ್ಮದಾಗುವುದಿಲ್ಲ, ಅದನ್ನು ನಾನೊಬ್ಬನೇ ಕೂತು ತೀರ್ಮಾನ ಮಾಡಿದ್ದೆ.

ಅಷ್ಟರಲ್ಲಿ ಒಬ್ಬ ಗೈಡು ಬಂದು, ನನ್ನ ತಲೆಯ ಮೇಲಿನ ಟೋಪಿ ನೋಡಿ, ಇಂಗ್ಲಿಷಿನಲ್ಲಿ ಹೊಯ್ಸಳರ ಇತಿಹಾಸ ಶುರು ಮಾಡಿದ. ಯಾವ ದೇಶ ಎಂದು ಬಹಳ ಗೌರವದಿಂದ ಕೇಳಿದ.

"ನಮ್ದು ಅರಸೀಕೆರೆ ಕಣಪ್ಪ" ಎಂದೆ.

ಅವನು ನಗಲಿಲ್ಲ. "ಮೊದ್ಲೇ ಹೇಳಬಾರದಾ ಸಾರ್" ಎಂದು ಬೇಸರ ಮಾಡಿಕೊಂಡು ಹೋದ. ನಾನು ಟೋಪಿ ತೆಗೆದು ಚೀಲಕ್ಕೆ ಹಾಕಿದೆ. ಗಿರಿಜಾಗೆ ಫೋನ್ ಮಾಡಿ, ಊಟಕ್ಕೆ ಬರುತ್ತೇನೆ ಎಂದಷ್ಟೇ ಹೇಳಿದೆ.

ಅರಸೀಕೆರೆ

ಅವಳು ಮುದ್ದೆ ಮಾಡಿದ್ದಳು, ಅವರೆಕಾಳಿನ ಸಾರು. ಕೈಕಾಲು ತೊಳೆದು ಬಂದು ಕೂತೆ. ಮುಂದೆ ಇದ್ದದ್ದು ನನ್ನ ಸೊಟ್ಟ ತಟ್ಟೆಯಲ್ಲ. ಅಂಚಿಗೆ ಹೂವಿನ ಗೆರೆ ಇರುವ ಹೊಸ ತಟ್ಟೆ, ನೆಂಟರು ಬಂದರೆ ಮಾತ್ರ ಅಟ್ಟದಿಂದ ಇಳಿಸುವುದು.

"ಇದ್ಯಾಕೆ?" ಎಂದೆ.

"ಫಾರಿನ್ನಿಂದ ಬಂದಿದೀರಲ್ಲ" ಎಂದಳು, ಮುಖದ ತುಂಬ ನಗು. "ಸಹಿ ಆಯ್ತಾ?"

ಒಂದೇ ಉಸಿರಿಗೆ ಹೇಳಿಬಿಟ್ಟೆ. ದಾರಿಯಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತು ಯಾವುದೂ ನೆನಪಿಗೆ ಬರಲಿಲ್ಲ. ಬೇಡ ಎಂದು ಬಂದೆ ಕಣೇ, ನನಗೆ ಅಲ್ಲಿ ಒಬ್ಬನೇ ಇರಲು ಆಗುವುದಿಲ್ಲ, ಅಷ್ಟೇ. ಅವಳು ಸೌಟು ಹಿಡಿದುಕೊಂಡೇ ನಿಂತಿದ್ದಳು.

"ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಮಗೆ?"

ಉತ್ತರ ಕೊಡುವ ಮೊದಲು ಠಾಣೆಯ ಗಂಟೆ ಹೊಡೆಯಿತು. ನನ್ನ ರಜೆ ಇನ್ನೂ ಮುಗಿದಿರಲಿಲ್ಲ, ಹೋಗಲೇಬೇಕೆಂದಿರಲಿಲ್ಲ. ಆದರೂ ಕೈ ತೊಳೆದು ಓಡಿದೆ. ಯಾವತ್ತೂ ಬಾಗಿಲವರೆಗೆ ಬಂದು "ಹುಷಾರು" ಅನ್ನುವವಳು ಅವತ್ತು ಬರಲಿಲ್ಲ.

ನಾರಿನ ಕಾರ್ಖಾನೆಯ ಹಿಂದೆ ತೆಂಗಿನ ಸಿಪ್ಪೆಯ ರಾಶಿ ಹೊತ್ತಿಕೊಂಡಿತ್ತು. ಗಾಡಿ ಓಡಿಸುತ್ತಿದ್ದ ನಂಜುಂಡ ಕನ್ನಡಿಯಲ್ಲಿ ನನ್ನನ್ನು ನೋಡಿ, "ಏನ್ಲಾ ರುದ್ರ, ಒಮಾನ್ ಸಾಹೇಬ, ಇಲ್ಲೇನ್ಲಾ ಮಾಡ್ತಿದ್ದೀಯ?" ಎಂದ. "ಸುಮ್ನೆ ಓಡ್ಸಲಾ" ಎಂದೆ. ಸಿಪ್ಪೆಯ ಬೆಂಕಿ ಮೇಲೆ ಆರಿದರೂ ಒಳಗೆ ಕುದಿಯುತ್ತಲೇ ಇರುತ್ತದೆ, ರಾಶಿಯನ್ನೆಲ್ಲ ಕೆದಕಿ ನೀರು ಕುಡಿಸಬೇಕು. ಯಾರದೋ ಬೂಟು ಹಾಕಿಕೊಂಡು ಹೋಗಿದ್ದೆ, ಹೆಬ್ಬೆರಳು ಒತ್ತುತ್ತಿತ್ತು. ಕೆದಕುತ್ತ ಕೆದಕುತ್ತ ಅವಳ ಮುಖವೇ ಕಣ್ಣ ಮುಂದೆ ಬರುತ್ತಿತ್ತು.

ವಾಪಸು ಬಂದಾಗ ದೀಪ ಹಚ್ಚುವ ಹೊತ್ತು. ಮನೆಯ ಬಾಗಿಲು ತೆರೆದೇ ಇತ್ತು. ಗಿರಿಜಾ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಉಂಡ್ಯಾ?" ಎಂದೆ. ಇಷ್ಟು ವರ್ಷ ಕೇಳುವ ಅಗತ್ಯವೇ ಬಿದ್ದಿರದ ಪ್ರಶ್ನೆ.

"ಉಂಡೆ" ಎಂದಳು. "ಹೊಟ್ಟೆ ತುಂಬ ಉಂಡೆ. ಸಿಟ್ಟು ಬಂದಿತ್ತು, ಎರಡು ಮುದ್ದೆ ಉಂಡೆ."

"ಕೇಳದೆ ಬಂದದ್ದು ತಪ್ಪು ಕಣೇ" ಎಂದೆ.

"ತಪ್ಪೇ. ನಾಳೆ ಸಂಜೆ ನನ್ನ ಜೊತೆ ಹಾರನಹಳ್ಳಿಗೆ ಬನ್ನಿ. ರಸ್ತೆ ಪಕ್ಕದ ಮೂಲೆ ಸೈಟು ಹೋದರೆ ಹೋಗಲಿ, ಹಳ್ಳಿಯೊಳಗೆ ನೋಡೋಣ. ಇರೋ ಸಂಬಳಕ್ಕೆ ಎಷ್ಟು ಬರುತ್ತೋ ಅಷ್ಟು. ಈ ಸಲ ನಾನು ಹೇಳಿದ್ದಕ್ಕೆ ಸಹಿ ಹಾಕಬೇಕು."

"ಹಾಕ್ತೀನಿ."

"ಹೋಗಿ ಉಣ್ಣಿ."

ಒಳಗೆ ಹೋದೆ. ಹೂವಿನ ಗೆರೆಯ ತಟ್ಟೆ ತೊಳೆದು ಅಟ್ಟದ ಮೇಲೆ ಎತ್ತಿಟ್ಟಿದ್ದಳು. ನೆಲದ ಮೇಲೆ, ನಾನು ಯಾವಾಗಲೂ ಕೂರುವ ಜಾಗದಲ್ಲಿ, ಒಂದರ ಮೇಲೊಂದು ಎರಡು ತಟ್ಟೆ. ಮೇಲಿನದು ಸರಿಯಾಗಿ ಕೂತಿರಲಿಲ್ಲ, ಒಂದು ಕಡೆ ಎದ್ದಿತ್ತು.

"ಬೇಡ ಅಂದು ಬಂದೋರಿಗೆ ಆ ಸೊಟ್ಟ ತಟ್ಟೆಯೇ ಸಾಕು" ಎಂದಳು ಗಿರಿಜಾ, ಹೊಸ್ತಿಲಿನಿಂದಲೇ.